ಕ್ರಯಪತ್ರ ಬರೆಯಲೊಲ್ಲದ ಗುಮಾಸ್ತ

ಕ್ರಯಪತ್ರವೆಂದರೆ ನಮ್ಮಲ್ಲಿ ಯಾರಿಗೂ ಹೊಸದಲ್ಲ. ಮನೆ ಕೊಂಡವರು, ನಿವೇಶನ ಕೊಂಡವರು, ಹಿರಿಯರ ಜಮೀನನ್ನು ಮಾರಿ ಪಟ್ಟಣ ಸೇರಿದವರು, ಎಲ್ಲರ ಪೆಟ್ಟಿಗೆಯಲ್ಲಿಯೂ ಅಂಥದೊಂದು ಕಾಗದ ಇದ್ದೇ ಇರುತ್ತದೆ. ಮಾರುವವನ ಹೆಸರು, ಕೊಳ್ಳುವವನ ಹೆಸರು, ಸ್ವತ್ತಿನ ವಿವರ, ನಾಲ್ಕು ದಿಕ್ಕಿನ ಚೆಕ್ಕುಬಂದಿ, ಸಂದಾಯವಾದ ಹಣ, ಕೊನೆಯಲ್ಲಿ ಸಾಕ್ಷಿಗಳ ರುಜು, ಬರೆದವನ ಬಿಕ್ಕಲಂ. ಇಷ್ಟಾದರೆ ಪತ್ರ ಮುಗಿಯಿತು. ಅದನ್ನು ಬರೆದವನನ್ನು ಯಾರೂ ನೆನಪಿನಲ್ಲಿಡುವುದಿಲ್ಲ. ಅವನು ಮಾರಿದವನೂ ಅಲ್ಲ, ಕೊಂಡವನೂ ಅಲ್ಲ. ಹೇಳಿದುದನ್ನು ಬರೆದು ಕೂಲಿ ಪಡೆದು ಹೋಗತಕ್ಕವನು. ಆ ವ್ಯವಹಾರದ ಪಾಪಪುಣ್ಯಗಳು ಅವನಿಗೆ ಅಂಟುವುದಿಲ್ಲವೆಂಬುದೇ ಲೋಕದ ತಿಳಿವಳಿಕೆ.

ಈ ತಿಳಿವಳಿಕೆಯನ್ನು ಒಪ್ಪದ ಒಬ್ಬ ಗುಮಾಸ್ತನ ಕಥೆಯಿದು. ಅಮೆರಿಕ ಇನ್ನೂ ಇಂಗ್ಲೆಂಡಿನ ಅಧೀನದಲ್ಲಿದ್ದ ಕಾಲ; ೧೭೪೨ರ ಸುಮಾರು. ನ್ಯೂ ಜೆರ್ಸಿ ಸೀಮೆಯ ಮೌಂಟ್ ಹಾಲಿ ಎಂಬ ಸಣ್ಣ ಊರಿನ ಒಂದು ಅಂಗಡಿಯಲ್ಲಿ ಜಾನ್ ವುಲ್ಮನ್ ಎಂಬ ಯುವಕ ಲೆಕ್ಕಪತ್ರ ಬರೆದುಕೊಂಡಿದ್ದ. ವಯಸ್ಸು ೨೨ರ ಆಸುಪಾಸು. ಅಕ್ಷರ ಚೆನ್ನಾಗಿದ್ದುದರಿಂದ ಊರವರ ಪತ್ರಗಳನ್ನೂ ಬರೆದುಕೊಡುತ್ತಿದ್ದ. ಒಂದು ದಿನ ಯಜಮಾನ ಅವನನ್ನು ಕರೆದು, ಕೂಡಲೆ ಒಂದು ಕ್ರಯಪತ್ರ ಬರೆಯುವಂತೆ ಹೇಳಿದ. ಕೊಳ್ಳುವವನು ಎದುರಿಗೇ ಕಾದು ಕುಳಿತಿದ್ದ. ಸ್ವತ್ತಿನ ವಿವರ ಬರೆಯಬೇಕಾದ ಜಾಗದಲ್ಲಿ ಬರೆಯಬೇಕಾಗಿದ್ದುದು ಹೊಲವಲ್ಲ, ಮನೆಯಲ್ಲ. ಯಜಮಾನನ ಮನೆಯಲ್ಲಿ ದುಡಿಯುತ್ತಿದ್ದ ಒಬ್ಬ ಕರಿಯ ಹೆಂಗಸು.

ವುಲ್ಮನ್ ಬರೆದ. ಇದನ್ನು ಮೊದಲೇ ಹೇಳಿಬಿಡಬೇಕು. ಸಂತರ ಚರಿತ್ರೆ ಬರೆಯುವವರು ಇಂಥ ಕಡೆ ಮಾತು ಮರೆಸಿ ಮುಂದಕ್ಕೆ ಹೋಗುವುದುಂಟು. ಆದರೆ ಅವನು ತನ್ನ ದಿನಚರಿಯಲ್ಲಿ ತಾನೇ ಮರೆಮಾಚದೆ ಬರೆದಿಟ್ಟಿದ್ದಾನೆ. ಕೇಳಿದವನು ಅನ್ನ ಕೊಡುವ ಯಜಮಾನ; ಕೊಳ್ಳುತ್ತಿದ್ದವನು ತನ್ನದೇ ಮತದ, ವಯಸ್ಸಾದ ಮನುಷ್ಯ; ಆಲೋಚಿಸಲು ಅವಕಾಶವೂ ಇರಲಿಲ್ಲ. ದುರ್ಬಲತೆಯಿಂದ ಬರೆದೆನೆಂದು ಅವನು ಒಪ್ಪಿಕೊಂಡಿದ್ದಾನೆ. ಬರೆಯುವಾಗಲೇ ಮನಸ್ಸು ಎಷ್ಟು ಕದಡಿತೆಂದರೆ, ಗುಲಾಮರನ್ನಿಟ್ಟುಕೊಳ್ಳುವುದು ಕ್ರೈಸ್ತಧರ್ಮಕ್ಕೆ ಹೊಂದತಕ್ಕ ಪದ್ಧತಿಯೆಂದು ತನಗೆ ತೋರುವುದಿಲ್ಲವೆಂದು ಆ ಇಬ್ಬರು ಹಿರಿಯರ ಎದುರಿಗೇ ಹೇಳಿದ. ಹೇಳಿದರೇನು, ಕ್ರಯಪತ್ರವಂತೂ ಊರ್ಜಿತವಾಯಿತು. ಹೆಂಗಸು ಹೊಸ ಯಜಮಾನನ ವಶಕ್ಕೆ ಹೋದಳು. ಅವಳ ಹೆಸರು ದಿನಚರಿಯಲ್ಲಿಲ್ಲ.

ವುಲ್ಮನ್ ಕ್ವೇಕರ್ ಪಂಥದವನು. ೧೭ನೆಯ ಶತಮಾನದ ಮಧ್ಯದಲ್ಲಿ ಇಂಗ್ಲೆಂಡಿನ ಜಾರ್ಜ್ ಫಾಕ್ಸ್ ಎಂಬಾತನ ಬೋಧೆಯಿಂದ ಹುಟ್ಟಿದ ಈ ಪಂಥದವರು ತಮ್ಮನ್ನು ‘ಮಿತ್ರರು’ ಎಂದು ಕರೆದುಕೊಳ್ಳುತ್ತಾರೆ. ಅಂದಿನ ಅವರ ಸಭೆಗಳಲ್ಲಿ ಪಾದ್ರಿಯಿಲ್ಲ, ವಿಧಿಯಿಲ್ಲ. ಎಲ್ಲರೂ ಮೌನವಾಗಿ ಕುಳಿತಿರುತ್ತಾರೆ; ಯಾರಿಗೆ ಅಂತಃಪ್ರೇರಣೆಯಾಗುತ್ತದೆಯೋ ಅವರು ಎದ್ದು ಮಾತನಾಡುತ್ತಾರೆ. ಪ್ರತಿಯೊಬ್ಬ ಮನುಷ್ಯನ ಒಳಗೂ ದೇವರ ಬೆಳಕಿದೆಯೆಂಬುದು ಅವರ ಮೂಲ ನಂಬಿಕೆ. ಅವರು ಯುದ್ಧಕ್ಕೆ ಹೋಗರು. ಅಂದು ದೊರೆಯ ಮುಂದೆಯೂ ಟೋಪಿ ತೆಗೆಯುತ್ತಿರಲಿಲ್ಲ. ಇಂಥ ಜನ ಗುಲಾಮರನ್ನು ಇಟ್ಟುಕೊಂಡಿದ್ದರೆ? ಇಟ್ಟುಕೊಂಡಿದ್ದರು. ಪೆನ್ಸಿಲ್ವೇನಿಯವನ್ನು ಸ್ಥಾಪಿಸಿದ ವಿಲಿಯಂ ಪೆನ್ನನ ಮನೆಯಲ್ಲಿಯೂ ಗುಲಾಮರಿದ್ದರು.

ವಿರೋಧದ ಮಾತು ಎದ್ದಿರಲಿಲ್ಲವೆಂದಲ್ಲ. ೧೬೮೮ರಲ್ಲಿಯೇ ಫಿಲಡೆಲ್ಫಿಯದ ಬಳಿಯ ಜರ್ಮನ್‌ಟೌನಿನಲ್ಲಿ ನಾಲ್ವರು ಸಹಿ ಮಾಡಿ ಒಂದು ಪ್ರತಿಭಟನೆಯ ಪತ್ರ ಬರೆದಿದ್ದರು. ನಮಗೇ ಯಾರಾದರೂ ಹೀಗೆ ಮಾಡಿದರೆ ಒಪ್ಪುವೆವೆ ಎಂಬುದು ಅವರ ಸರಳವಾದ ಪ್ರಶ್ನೆ. ಮಾಸಿಕ ಸಭೆ ಅದನ್ನು ಓದಿ, ವಿಷಯ ಬಹಳ ಗುರುತರವಾದುದೆಂದು ತ್ರೈಮಾಸಿಕ ಸಭೆಗೆ ಕಳುಹಿಸಿತು. ಅದು ವಾರ್ಷಿಕ ಸಭೆಗೆ ಕಳುಹಿಸಿತು. ವಾರ್ಷಿಕ ಸಭೆ ಅದನ್ನು ಪಕ್ಕಕ್ಕಿಟ್ಟಿತು. ಕಡತಗಳು ಮೇಜಿನಿಂದ ಮೇಜಿಗೆ ಏರಿ ನಿದ್ರೆ ಹೋಗುವ ಕ್ರಮ ಎಲ್ಲ ಕಾಲದಲ್ಲಿಯೂ ಎಲ್ಲ ದೇಶದಲ್ಲಿಯೂ ಒಂದೇ ಎಂದು ಕಾಣುತ್ತದೆ.

ಅದಾದ ೫೦ ವರ್ಷಕ್ಕೆ, ೧೭೩೮ರಲ್ಲಿ, ಬೆಂಜಮಿನ್ ಲೇ ಎಂಬ ಗಿಡ್ಡದೇಹದ, ಬೆನ್ನು ಗೂನಾದ ಒಬ್ಬ ವೃದ್ಧ ಬರ್ಲಿಂಗ್ಟನ್ನಿನ ವಾರ್ಷಿಕ ಸಭೆಗೆ ಬಂದ. ಮೇಲಂಗಿಯನ್ನು ಕಳಚಿದಾಗ ಒಳಗೆ ಸಿಪಾಯಿಯ ಉಡುಪು, ಕತ್ತಿ. ಕೈಯಲ್ಲಿ ಒಳಗೆಲ್ಲ ಟೊಳ್ಳುಮಾಡಿದ ಒಂದು ಪುಸ್ತಕ. ಅದರೊಳಗೆ ಕೆಂಪು ಹಣ್ಣಿನ ರಸ ತುಂಬಿದ ಚೀಲ. ಗುಲಾಮರನ್ನಿಟ್ಟುಕೊಳ್ಳುವವರ ರಕ್ತವನ್ನು ದೇವರು ಹೀಗೆಯೇ ಹರಿಸುವನೆಂದು ಗರ್ಜಿಸಿ ಪುಸ್ತಕವನ್ನು ಇರಿದ. ಪಕ್ಕದಲ್ಲಿದ್ದವರ ಮೈಮೇಲೆಲ್ಲ ಕೆಂಪು ಸಿಡಿಯಿತು. ಅವನನ್ನು ಹೊರಕ್ಕೆ ಹಾಕಿದರು. ಅವನ ಮಾತು ನಿಜವಾಗಿತ್ತು. ಆದರೆ ಕೇಳಿದವರು ತಮ್ಮ ಬಟ್ಟೆಯ ಕಲೆಯನ್ನು ಕಂಡರೇ ಹೊರತು ಮನಸ್ಸಿನ ಕಲೆಯನ್ನು ಕಾಣಲಿಲ್ಲ.

ವುಲ್ಮನ್ ಹಿಡಿದ ದಾರಿ ಬೇರೆ. ಅವನು ಹುಟ್ಟಿದುದು ೧೭೨೦ರಲ್ಲಿ, ರಾಂಕೋಕಸ್ ಹೊಳೆಯ ದಂಡೆಯ ಒಂದು ಒಕ್ಕಲು ಕುಟುಂಬದಲ್ಲಿ. ಬಾಲ್ಯದ ಒಂದು ಸಂಗತಿಯನ್ನು ಅವನು ಕೊನೆಯವರೆಗೂ ಮರೆಯಲಿಲ್ಲ. ಗೂಡಿನ ಬಳಿ ಕುಳಿತಿದ್ದ ಒಂದು ತಾಯಿಹಕ್ಕಿಗೆ ಆಟಕ್ಕೆಂದು ಕಲ್ಲು ಬೀರಿದ, ಹಕ್ಕಿ ಸತ್ತುಬಿತ್ತು. ಮೊದಲು ಗೆದ್ದೆನೆಂಬ ಸಂತೋಷ. ಮರುಕ್ಷಣ, ಗೂಡಿನಲ್ಲಿರುವ ಮರಿಗಳಿಗೆ ಗುಟುಕು ಕೊಡುವವರಾರು ಎಂಬ ಭಯ. ಮರ ಹತ್ತಿ ಮರಿಗಳನ್ನೂ ತಾನೇ ಕೊಂದ. ಅವು ಹಸಿವಿನಿಂದ ನರಳಿ ಸಾಯುವುದಕ್ಕಿಂತ ಅದೇ ಮೇಲೆಂದು ತೋರಿತು. ತಾನು ಎಸೆದ ಒಂದು ಕಲ್ಲು ಎಲ್ಲಿಯವರೆಗೆ ಹೋಗಿ ಮುಟ್ಟುತ್ತದೆಂಬುದನ್ನು ಲೆಕ್ಕ ಹಾಕುವ ಅಭ್ಯಾಸ ಅಂದೇ ಅವನಿಗೆ ಅಂಟಿತೆಂದು ತೋರುತ್ತದೆ.

ಕ್ರಯಪತ್ರದ ಪ್ರಸಂಗವಾದ ಕೆಲವು ಕಾಲಕ್ಕೆ, ಅವನದೇ ಪಂಥದ ಒಬ್ಬ ಯುವಕ ಬಂದು ಅಂಥದೇ ಪತ್ರ ಬರೆದುಕೊಡೆಂದು ಕೇಳಿದ. ಈ ಸಲ ವುಲ್ಮನ್ ಆಗದೆಂದ. ಸಿಟ್ಟಿನಿಂದಲ್ಲ, ಸ್ನೇಹದಿಂದಲೇ, ತನ್ನ ಮನಸ್ಸು ಒಪ್ಪದೆಂದು ತಿಳಿಸಿದ. ಆ ಯುವಕ ಬೇಸರಪಡುವ ಬದಲು, ತನಗೂ ಗುಲಾಮರನ್ನಿಟ್ಟುಕೊಳ್ಳುವುದು ಪೂರ್ತಿ ಸಮಾಧಾನದ ವಿಷಯವಲ್ಲವೆಂದೂ ಅದು ಹೆಂಡತಿಗೆ ಬಂದ ಬಳುವಳಿಯೆಂದೂ ಹೇಳಿದ. ಇದರಿಂದ ವುಲ್ಮನ್ ಒಂದು ದೊಡ್ಡ ಪಾಠ ಕಲಿತ: ಎದುರಿಗಿರುವವನ ಒಳಗೂ ಅದೇ ತೊಳಲಾಟ ನಡೆದಿರಬಹುದು, ಅದಕ್ಕೆ ಮಾತು ಕೊಡುವವರು ಬೇಕು, ಅಷ್ಟೆ.

ಮತ್ತೊಂದು ಪ್ರಸಂಗ ಇದಕ್ಕಿಂತ ಮನೋಜ್ಞವಾದುದು. ನೆರೆಯವನೊಬ್ಬ ಪೆಟ್ಟುಬಿದ್ದು ಹಾಸಿಗೆ ಹಿಡಿದಿದ್ದ. ಉಯಿಲು ಬರೆದುಕೊಡೆಂದು ವುಲ್ಮನ್ನನನ್ನು ಕೇಳಿಕೊಂಡ. ಆಸ್ತಿಯ ಜೊತೆಗೆ ಒಬ್ಬ ಗುಲಾಮ ಹುಡುಗಿಯನ್ನು ಯಾವ ಮಗುವಿಗೆ ಕೊಡಬೇಕೆಂಬುದನ್ನೂ ಹೇಳಿದ. ವುಲ್ಮನ್ ಎಲ್ಲವನ್ನೂ ಗುರುತು ಮಾಡಿಕೊಂಡು ಹೋಗಿ, ಹುಡುಗಿಯ ವಿಷಯವೊಂದನ್ನು ಬಿಟ್ಟು ಉಳಿದುದನ್ನೆಲ್ಲ ಬರೆದು ತಂದು ರೋಗಿಗೆ ಓದಿ ಹೇಳಿದ. ಆಮೇಲೆ, ಮನುಷ್ಯರನ್ನು ಗುಲಾಮರನ್ನಾಗಿ ಮಾಡುವ ಪತ್ರ ಬರೆದರೆ ತನ್ನ ಮನಸ್ಸಿಗೆ ನೆಮ್ಮದಿಯಿರದೆಂದೂ, ಇಷ್ಟು ಬರೆದುದಕ್ಕೆ ಕೂಲಿ ಬೇಡವೆಂದೂ, ಉಳಿದುದನ್ನು ಬರೆಯುವುದರಿಂದ ತನ್ನನ್ನು ಬಿಡಬೇಕೆಂದೂ ತಿಳಿಸಿದ. ಸಾವಿನ ಹೊಸ್ತಿಲಲ್ಲಿದ್ದ ಆ ಮನುಷ್ಯನೂ ಈ ಗುಮಾಸ್ತನೂ ಬಹಳ ಹೊತ್ತು ಮಾತನಾಡಿದರು. ಕೊನೆಗೆ ಅವಳನ್ನು ಬಿಡುಗಡೆ ಮಾಡಲು ರೋಗಿ ಒಪ್ಪಿದ. ವುಲ್ಮನ್ ಉಯಿಲನ್ನು ಪೂರ್ತಿಮಾಡಿದ.

ನೆರೆಯವನು ಯಾರೆಂದು ಒಬ್ಬ ಪಂಡಿತ ಯೇಸುವನ್ನು ಕೇಳಿದನೆಂದೂ, ಅದಕ್ಕೆ ಉತ್ತರವಾಗಿ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿ ಉಪಚರಿಸಿದ ಸಮಾರ್ಯದವನ ಕಥೆ ಹುಟ್ಟಿತೆಂದೂ ಲೂಕನ ಸುವಾರ್ತೆ ಹೇಳುತ್ತದೆ. ಇಲ್ಲಿ ಆ ಹಾಸಿಗೆಯ ಸುತ್ತ ಇದ್ದ ನೆರೆಯವರೆಷ್ಟು ಮಂದಿ? ಗಾಯಗೊಂಡ ಯಜಮಾನ ಒಬ್ಬ. ಅವನ ಮಾತಿಗೆ ತನ್ನ ಬದುಕನ್ನೇ ಒಪ್ಪಿಸಬೇಕಾಗಿದ್ದ ಹುಡುಗಿ ಇನ್ನೊಬ್ಬಳು. ವುಲ್ಮನ್ ಇಬ್ಬರನ್ನೂ ನೆರೆಯವರೆಂದೇ ತಿಳಿದ. ಹುಡುಗಿಗಾಗಿ ಯಜಮಾನನನ್ನು ದ್ವೇಷಿಸಲಿಲ್ಲ. ಯಜಮಾನನ ಸ್ನೇಹಕ್ಕಾಗಿ ಹುಡುಗಿಯನ್ನು ಬಿಟ್ಟುಕೊಡಲೂ ಇಲ್ಲ. ಅವನ ಜೀವಿತದ ಸಾರವೆಲ್ಲ ಇದರಲ್ಲಿ ಅಡಗಿದೆಯೆಂದರೆ ತಪ್ಪಲ್ಲ.

೧೭೪೬ರಲ್ಲಿ ಅವನು ಒಬ್ಬ ಜೊತೆಗಾರನೊಡನೆ ಮೇರಿಲೆಂಡ್, ವರ್ಜೀನಿಯ, ಉತ್ತರ ಕೆರೊಲಿನ ಸೀಮೆಗಳಲ್ಲಿ ಸುಮಾರು ೧೫೦೦ ಮೈಲಿ ಸಂಚರಿಸಿದ. ಗುಲಾಮರ ದುಡಿಮೆಯಿಂದ ನಡೆಯುವ ಮನೆಗಳಲ್ಲಿ ಉಂಡು ಮಲಗಬೇಕಾಯಿತು. ದಕ್ಷಿಣದ ಈ ಸೀಮೆಗಳ ಮೇಲೆ ಕಾರ್ಮೋಡವೊಂದು ಕವಿಯುತ್ತಿರುವಂತೆ, ಅದರ ಫಲವನ್ನು ಮುಂದಿನ ಪೀಳಿಗೆಯವರು ಉಣ್ಣಬೇಕಾಗುವಂತೆ ಅವನಿಗೆ ತೋರಿತು. ಮನೆಗೆ ಬಂದು ಒಂದು ಪ್ರಬಂಧ ಬರೆದ. ಅಚ್ಚಿಗೆ ಕೊಡಲು ಧೈರ್ಯ ಬಾರದೆ ಎತ್ತಿಟ್ಟ. ೧೭೫೦ರಲ್ಲಿ ಮರಣಶಯ್ಯೆಯಲ್ಲಿದ್ದ ತಂದೆ ಆ ಬರಹದ ವಿಷಯ ನೆನಪಿಟ್ಟು ಕೇಳಿ, ಅದನ್ನು ಪ್ರಕಟಿಸುವಂತೆ ಒತ್ತಾಯ ಮಾಡಿದ. ‘ನೀಗ್ರೋಗಳನ್ನು ಇಟ್ಟುಕೊಳ್ಳುವುದನ್ನು ಕುರಿತು ಕೆಲವು ವಿಚಾರಗಳು’ ಎಂಬ ಆ ಪುಸ್ತಿಕೆ ೧೭೫೪ರಲ್ಲಿ ಹೊರಬಂತು. ಅದರ ಎರಡನೆಯ ಭಾಗ ೧೭೬೨ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನ ಮುದ್ರಣಾಲಯದಲ್ಲಿ ಅಚ್ಚಾಯಿತು. ಈ ಎರಡನೆಯ ಭಾಗವನ್ನು ಪಂಥದ ಹಣದಿಂದಲೇ ಅಚ್ಚುಹಾಕಿಸಿ ಹಂಚುವುದಾಗಿ ಹಿರಿಯರು ಹೇಳಿದರು. ಅವನು ಒಪ್ಪಲಿಲ್ಲ. ಆ ನಿಧಿಗೆ ಗುಲಾಮರ ಒಡೆಯರೂ ಹಣ ಕೊಟ್ಟಿದ್ದಾರೆ. ಅವರ ಹಣದಿಂದ ಅವರಿಗೆ ಬೇಡವಾದ ಪುಸ್ತಕ ಹೊರಡಿಸುವುದು ನ್ಯಾಯವಲ್ಲವೆಂದು ತನ್ನ ಖರ್ಚಿನಲ್ಲಿಯೇ ಹೊರಡಿಸಿ, ಅಸಲು ಬೆಲೆಗೆ ಮಾರಿದ.

ಈ ಪುಸ್ತಿಕೆಗಳಲ್ಲಿ ಎರಡು ವಿಚಾರಗಳು ಇಂದಿಗೂ ಮನನಯೋಗ್ಯವಾಗಿವೆ. ತನ್ನ ಮಕ್ಕಳನ್ನು, ತನ್ನ ಬಂಧುಗಳನ್ನು ಪ್ರೀತಿಸುವುದು ಮನುಷ್ಯನ ಹೆಚ್ಚುಗಾರಿಕೆಯೇನಲ್ಲ, ಮೃಗಗಳಲ್ಲಿಯೂ ಅಷ್ಟು ಪ್ರೀತಿಯಿದೆ. ಅದನ್ನು ದಾಟಿ ಮನುಷ್ಯಕುಲಕ್ಕೆ ಹರಿದಾಗಲೇ ಅದು ಧರ್ಮವಾಗುತ್ತದೆಂಬುದು ಒಂದು. ವರ್ಣಭೇದದ ಬೇರು ಎಲ್ಲಿದೆಯೆಂಬುದು ಇನ್ನೊಂದು. ಕಪ್ಪು ಮೈಯವರು ಯಾವಾಗಲೂ ಹರಕು ಬಟ್ಟೆಯಲ್ಲಿ, ಕೀಳಾದ ಕೆಲಸದಲ್ಲಿ ಇರುವುದನ್ನೇ ನೋಡುತ್ತ ಬೆಳೆದವರ ಮನಸ್ಸಿನಲ್ಲಿ, ಕಪ್ಪು ಬಣ್ಣಕ್ಕೂ ದಾಸ್ಯಕ್ಕೂ, ಬಿಳಿ ಬಣ್ಣಕ್ಕೂ ಸ್ವಾತಂತ್ರ್ಯಕ್ಕೂ ಗಂಟು ಬೀಳುತ್ತದೆ. ಅದು ಪ್ರಕೃತಿ ಕಟ್ಟಿದ ಗಂಟಲ್ಲ, ರೂಢಿ ಕಟ್ಟಿದುದು. ವರ್ಣದ್ವೇಷವನ್ನು ಕುರಿತು ಮುಂದೆ ಎಷ್ಟೋ ಗ್ರಂಥಗಳು ಬಂದಿವೆ. ಶಾಲೆಯ ಓದು ಹೆಚ್ಚಿಲ್ಲದ ಒಬ್ಬ ಹಳ್ಳಿಯವನು ೧೭೬೨ರಲ್ಲಿಯೇ ಇದನ್ನು ಕಂಡುಕೊಂಡಿದ್ದನೆಂಬುದು ಆಶ್ಚರ್ಯ.

ಈ ನಡುವೆ ಅವನು ಸ್ವಂತ ಅಂಗಡಿ ಇಟ್ಟಿದ್ದ. ವ್ಯಾಪಾರ ಕೈಹತ್ತಿತು, ಹತ್ತಿದಷ್ಟೂ ಅವನಿಗೆ ಮುಜುಗರ. ಬೇಡದ ವಸ್ತುಗಳನ್ನು ಜನ ಸಾಲ ಮಾಡಿ ಕೊಳ್ಳುತ್ತಾರೆ, ಸಾಲ ತೀರಿಸಲು ಮತ್ತಾರನ್ನೋ ಹಿಂಡುತ್ತಾರೆ ಎಂದು ಕಂಡುಕೊಂಡು, ಲಾಭದ ಅಂಗಡಿಯನ್ನು ಮುಚ್ಚಿ, ದರ್ಜಿಯ ಕೆಲಸದಿಂದಲೂ ಒಂದಿಷ್ಟು ಹಣ್ಣಿನ ತೋಟದಿಂದಲೂ ಸಂಸಾರ ನಡೆಸಿದ. ೧೭೫೭ರಲ್ಲಿ ಮತ್ತೆ ದಕ್ಷಿಣಕ್ಕೆ ಹೊರಟಾಗ ಸಣ್ಣ ಬೆಳ್ಳಿ ನಾಣ್ಯಗಳನ್ನು ಜೊತೆಗೆ ಕೊಂಡೊಯ್ದ. ತಂಗಿದ ಮನೆಯಿಂದ ಹೊರಡುವಾಗ, ತನ್ನ ಉಪಚಾರಕ್ಕಾಗಿ ದುಡಿದ ಗುಲಾಮರಿಗೆ ಕೊಡಿರೆಂದು ಯಜಮಾನನ ಕೈಗೆ ಒಂದಿಷ್ಟು ನಾಣ್ಯ ಇಡುತ್ತಿದ್ದ. ಕೆಲವೆಡೆ ತಾನೇ ಅವರ ಕೈಗೆ ಕೊಡುತ್ತಿದ್ದ. ಅತಿಥಿಯಾಗಿ ಬಂದವನು ಹಣ ಕೊಡಹೋದರೆ ಯಜಮಾನನಿಗೆ ಎಷ್ಟು ಇರುಸುಮುರುಸು, ಕೊಡುವವನಿಗೆ ಎಷ್ಟು ಸಂಕೋಚ ಎಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಅವನೂ ಸಂಕೋಚಪಟ್ಟ, ಆದರೆ ಕೊಡದೆ ಬರಲಿಲ್ಲ.

೧೭೫೮ರಲ್ಲಿ ಫಿಲಡೆಲ್ಫಿಯದ ವಾರ್ಷಿಕ ಸಭೆಯಲ್ಲಿ ಗುಲಾಮಗಿರಿಯ ಪ್ರಶ್ನೆ ಮತ್ತೆ ಬಂತು. ಈಗಲೇ ಅವಸರ ಬೇಡ, ದೇವರೇ ದಾರಿ ತೋರಿಸುವನೆಂದು ಹಲವರೆಂದರು. ಬಹಳ ಹೊತ್ತು ಮೌನವಾಗಿದ್ದ ವುಲ್ಮನ್ ಕೊನೆಗೆ ಎದ್ದ. ನೊಂದವರ ಕೂಗು ದೇವರ ಕಿವಿಗೆ ಮುಟ್ಟಿದೆ. ಕೆಲವರ ಲಾಭವನ್ನೋ ಸ್ನೇಹವನ್ನೋ ಲೆಕ್ಕಿಸಿ ನಾವು ಕರ್ತವ್ಯವನ್ನು ಮುಂದೂಡಿದರೆ ಅವನು ಬೇರೆ ಘೋರವಾದ ರೀತಿಯಲ್ಲಿ ಉತ್ತರ ಕೊಟ್ಟಾನು ಎಂಬುದು ಅವನ ಮಾತಿನ ತಾತ್ಪರ್ಯ. ಸಭೆ ಕದಲಿತು. ಇನ್ನು ಮುಂದೆ ಗುಲಾಮರನ್ನು ಕೊಳ್ಳುವ, ಮಾರುವ ಸದಸ್ಯರಿಗೆ ಪಂಥದ ವ್ಯವಹಾರದಲ್ಲಿ ಪಾಲಿಲ್ಲವೆಂದೂ, ಗುಲಾಮರಿರುವ ಸದಸ್ಯರ ಮನೆಗಳಿಗೆ ಹೋಗಿ ಬಿಡುಗಡೆಯ ವಿಷಯ ಮಾತನಾಡಲು ಕೆಲವರನ್ನು ನೇಮಿಸಬೇಕೆಂದೂ ತೀರ್ಮಾನವಾಯಿತು. ಮನೆಮನೆಗೂ ಹೋಗುವ ಆ ಕಠಿನ ಕೆಲಸಕ್ಕೆ ಸೇರಿದವರಲ್ಲಿ ವುಲ್ಮನ್ ಒಬ್ಬ. ಹೊರಕ್ಕೆ ಹಾಕಿಸಿಕೊಂಡಿದ್ದ ಬೆಂಜಮಿನ್ ಲೇ ಈ ಸುದ್ದಿಯನ್ನು ಕೇಳಿ, ಮರುವರ್ಷ ಕಣ್ಣುಮುಚ್ಚಿದ.

ಇಷ್ಟಾದರೂ ಅವನಿಗೆ ತನ್ನ ಲೆಕ್ಕ ತೀರಿತೆಂಬ ಸಮಾಧಾನ ಬರಲಿಲ್ಲ. ಹಿಂದೊಮ್ಮೆ ಯಾರದೋ ಉಯಿಲನ್ನು ಜಾರಿಗೆ ತರುವ ಜವಾಬ್ದಾರಿ ಅವನ ಮೇಲೆ ಬಿದ್ದಿತ್ತು. ಆ ಆಸ್ತಿಯಲ್ಲಿ ಸೇರಿದ್ದ ಒಬ್ಬ ಕರಿಯ ಹುಡುಗನನ್ನು, ೩೦ ವರ್ಷ ವಯಸ್ಸಾಗುವವರೆಗೆ ದುಡಿಯತಕ್ಕದ್ದೆಂಬ ಕರಾರಿನ ಮೇಲೆ, ಅವನೂ ಇನ್ನೊಬ್ಬ ಮಿತ್ರನೂ ಸೇರಿ ಮಾರಿದ್ದರು. ಬಿಳಿಯ ಹುಡುಗರ ಜೀತ ೨೧ಕ್ಕೇ ತೀರುತ್ತಿತ್ತು. ಹಾಗಾದರೆ ಈ ೯ ವರ್ಷ ಯಾರದು? ಸಭೆಯಲ್ಲಿ ಮೌನವಾಗಿ ಕುಳಿತಾಗಲೆಲ್ಲ ಈ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತಿತ್ತು. ಮಾರಿದವರಿಬ್ಬರು, ಆದುದರಿಂದ ತನ್ನ ಪಾಲು ನಾಲ್ಕೂವರೆ ವರ್ಷವೆಂದು ಲೆಕ್ಕಹಾಕಿ, ಕೊನೆಯ ಅಷ್ಟು ಅವಧಿಗೆ ನ್ಯಾಯವಾದ ಹಣವನ್ನು ಕೊಂಡವನಿಗೆ ತಾನು ಕೊಡುವುದಾಗಿ ಮುಚ್ಚಳಿಕೆ ಬರೆದುಕೊಟ್ಟ. ಒಮ್ಮೆ ಮನುಷ್ಯರನ್ನು ಮಾರಲು ಪತ್ರ ಬರೆದ ಕೈ, ಈಗ ಮಾರಿದ ವರ್ಷಗಳನ್ನು ಹಿಂದಕ್ಕೆ ಕೊಳ್ಳಲು ಪತ್ರ ಬರೆಯಿತು.

ಗುಲಾಮರು ಬೆಳೆದ ಕಬ್ಬಿನ ಸಕ್ಕರೆಯನ್ನು ಬಿಟ್ಟ. ಬಣ್ಣ ಹಾಕಿದ ಬಟ್ಟೆಯನ್ನು ಬಿಟ್ಟ. ಬಣ್ಣವಿರುವುದು ಕೊಳೆಯನ್ನು ಮರೆಮಾಚುವುದಕ್ಕೆ, ಕೊಳೆಯನ್ನು ತೊಳೆಯಬೇಕೇ ಹೊರತು ಮುಚ್ಚಬಾರದೆಂಬುದು ಅವನ ವಾದ. ತಲೆಯಿಂದ ಕಾಲಿನವರೆಗೆ ಬೆಳ್ಳಗೆ ಮಂಕಾದ ಉಡುಪು ತೊಟ್ಟು ಬಂದಾಗ ಸ್ವಪಂಥದವರೇ ಇದೇನು ಡಂಭವೆಂದು ದೂರ ಸರಿದುದುಂಟು. ೧೭೬೩ರಲ್ಲಿ ಗಡಿನಾಡಿನಲ್ಲಿ ಬಿಳಿಯರಿಗೂ ಮೂಲನಿವಾಸಿಗಳಿಗೂ ಹೋರಾಟ ಹತ್ತಿಕೊಂಡಿದ್ದಾಗ, ಆ ಜನರ ಮನಸ್ಸನ್ನು ಅರಿಯಬೇಕು, ಸಾಧ್ಯವಾದರೆ ಅವರಿಂದ ಏನಾದರೂ ಕಲಿಯಬೇಕು ಎಂದು ಕಾಡುದಾರಿಯಲ್ಲಿ ವೈಯಲೂಸಿಂಗ್ ಎಂಬ ಅವರ ಹಳ್ಳಿಗೆ ಹೋದ. ಅಲ್ಲಿ ಅವನ ಪ್ರಾರ್ಥನೆಯನ್ನು ಭಾಷಾಂತರವಿಲ್ಲದೆಯೇ ಕೇಳಿದ ಪಾಪುನೆಹಾಂಗ್ ಎಂಬ ನಾಯಕ, ಮಾತು ಎಲ್ಲಿಂದ ಹೊರಡುತ್ತದೆಂಬುದನ್ನು ಅನುಭವಿಸುವುದೇ ತನಗೆ ಪ್ರಿಯವೆಂಬ ಅರ್ಥದಲ್ಲಿ ನುಡಿದನಂತೆ.

ಒಮ್ಮೆ ತೀವ್ರ ಕಾಯಿಲೆಯಾದಾಗ ಅವನಿಗೊಂದು ದರ್ಶನವಾಯಿತು. ಮಂಕುಬಣ್ಣದ ಒಂದು ದೊಡ್ಡ ರಾಶಿ. ನೋಡಿದರೆ ಅದೆಲ್ಲ ಬದುಕಿರುವಾಗಲೇ ಕಡುಸಂಕಟದಲ್ಲಿರುವ ಮನುಷ್ಯರು. ತಾನೂ ಅದರಲ್ಲಿ ಬೆರೆತುಹೋಗಿದ್ದಾನೆ, ಬೇರೆಯೆಂದು ಎಣಿಸಲು ಬಾರದು. ಬಳಿಕ ಗಣಿಗಳು ಕಂಡವು. ಕ್ರೈಸ್ತರಿಗಾಗಿ ಅಲ್ಲಿ ಸಂಪತ್ತು ಅಗೆಯುತ್ತಿದ್ದವರು ಕ್ರಿಸ್ತನ ಹೆಸರನ್ನು ಶಪಿಸುತ್ತಿದ್ದರು. ನಮ್ಮನ್ನು ಹೀಗೆ ದುಡಿಸುವವರು ಅವನ ಅನುಯಾಯಿಗಳಾದರೆ ಅವನೂ ಕ್ರೂರಿಯೇ ಇರಬೇಕಲ್ಲವೆ ಎಂಬುದು ಅವರ ತರ್ಕ. ಆ ಶಾಪವನ್ನು ಕೇಳಿ ವುಲ್ಮನ್ನನಿಗೆ ಶಪಿಸಿದವರ ಮೇಲೆ ಸಿಟ್ಟು ಬರಲಿಲ್ಲ. ತನ್ನ ದೇವರ ಹೆಸರು ಕೆಟ್ಟುದು ತನ್ನವರಿಂದಲೇ ಎಂಬ ದುಃಖವಾಯಿತು.

೧೭೭೨ರ ಮೇ ತಿಂಗಳಲ್ಲಿ ಇಂಗ್ಲೆಂಡಿಗೆ ಹೊರಟ. ಹಡಗಿನ ಕ್ಯಾಬಿನ್ನಿನ ಅಲಂಕಾರಕ್ಕೆ ಹೋದ ಹಣವನ್ನು ನೆನೆದು, ನಾವಿಕರ ಜೊತೆಯಲ್ಲಿ ಕೆಳಗಿನ ಅಂಕಣದಲ್ಲಿಯೇ ಪ್ರಯಾಣ ಮಾಡಿದ. ಲಂಡನ್ನಿನ ಮಿತ್ರರು ಈ ವಿಚಿತ್ರ ಉಡುಪಿನ ಹಳ್ಳಿಗನನ್ನು ಮೊದಲು ತಣ್ಣಗೆ ಬರಮಾಡಿಕೊಂಡರು. ಮಾತು ಕೇಳಿದ ಮೇಲೆ ಕರಗಿದರು. ಅಂಚೆಬಂಡಿಗಳ ವೇಗಕ್ಕೆ ಕುದುರೆಗಳು ಸಾಯುತ್ತವೆ, ಬಂಡಿಯ ಹುಡುಗರು ಚಳಿಗೆ ಮರಗಟ್ಟುತ್ತಾರೆಂದು ಕೇಳಿ, ಬಂಡಿ ಹತ್ತದೆ ಉತ್ತರದ ಯಾರ್ಕ್ ನಗರದವರೆಗೆ ಕಾಲುನಡಿಗೆಯಲ್ಲಿ ಹೋದ. ಅಲ್ಲಿ ಸಿಡುಬು ತಗಲಿತು. ಅಕ್ಟೋಬರ್ ೭ರಂದು ಕಣ್ಣುಮುಚ್ಚಿದ. ಶವಪೆಟ್ಟಿಗೆಗೆ ಓಕ್ ಮರ ಬೇಡ, ಅದು ಬೇರೆ ಕೆಲಸಕ್ಕೆ ಹೆಚ್ಚು ಉಪಯೋಗವಾದೀತು, ಆಶ್ ಮರವೇ ಸಾಕು. ತನ್ನ ಬಟ್ಟೆಗಳ ಬೆಲೆಯಿಂದ ಪೆಟ್ಟಿಗೆಯ, ಗುಣಿ ತೋಡುವವನ ಖರ್ಚು ತೀರಲಿ ಎಂದು ಬರೆಸಿದ್ದ. ಸಾಯುವಾಗಲೂ ಯಾರಿಗೂ ಬಾಕಿ ಉಳಿಸಲಿಲ್ಲ.

ಅವನು ತೀರಿಕೊಂಡ ೪ ವರ್ಷಕ್ಕೆ, ೧೭೭೬ರಲ್ಲಿ, ಗುಲಾಮರನ್ನು ಬಿಡದ ಸದಸ್ಯರಿಗೆ ಪಂಥದಲ್ಲಿ ಸ್ಥಾನವಿಲ್ಲವೆಂದು ಫಿಲಡೆಲ್ಫಿಯದ ವಾರ್ಷಿಕ ಸಭೆ ನಿರ್ಧರಿಸಿತು. ಅದೇ ವರ್ಷ ಅದೇ ಊರಿನಲ್ಲಿ, ಎಲ್ಲ ಮನುಷ್ಯರೂ ಸಮಾನರೆಂದು ಸಾರಿದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಅನೇಕರು ಗುಲಾಮರ ಒಡೆಯರಾಗಿಯೇ ಉಳಿದರು. ವುಲ್ಮನ್ನನ ಸ್ನೇಹಿತ ಆಂಟನಿ ಬೆನೆಜೆಟ್ ಎಂಬ ಉಪಾಧ್ಯಾಯ ಫಿಲಡೆಲ್ಫಿಯದ ತನ್ನ ಮನೆಯಲ್ಲಿ ಸಂಜೆಯ ಹೊತ್ತು ಕರಿಯ ಮಕ್ಕಳಿಗೆ ಪಾಠ ಹೇಳುತ್ತ, ಗುಲಾಮರ ವ್ಯಾಪಾರವನ್ನು ಕುರಿತು ಪುಸ್ತಕಗಳನ್ನು ಬರೆದ. ಅವನ್ನೋದಿ ಜಾನ್ ವೆಸ್ಲಿ ೧೭೭೪ರಲ್ಲಿ ಗುಲಾಮಗಿರಿಯ ವಿರುದ್ಧ ಬರೆದ. ೧೭೮೫ರಲ್ಲಿ ಕೇಂಬ್ರಿಜ್ಜಿನಲ್ಲಿ ಬಹುಮಾನದ ಪ್ರಬಂಧಕ್ಕೆಂದು ಅವನ್ನು ತೆರೆದ ಥಾಮಸ್ ಕ್ಲಾರ್ಕ್‌ಸನ್, ಬಹುಮಾನ ಗೆದ್ದು, ಉಳಿದ ಆಯುಷ್ಯವನ್ನೇ ಆ ಹೋರಾಟಕ್ಕೆ ಕೊಟ್ಟ. ೧೮೦೭ರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ೧೮೩೩ರಲ್ಲಿ ತನ್ನ ವಸಾಹತುಗಳ ಗುಲಾಮಗಿರಿಯ ವಿರುದ್ಧ ಕಾನೂನು ಮಾಡಿತು. ಅಮೆರಿಕದಲ್ಲಿ ಅದು ಕೊನೆಗಂಡುದು ೧೮೬೫ರಲ್ಲಿ, ಅಂತರ್ಯುದ್ಧದ ರಕ್ತದ ಹೊಳೆ ಹರಿದ ಮೇಲೆ. ವುಲ್ಮನ್ ಕಂಡಿದ್ದ ಕಾರ್ಮೋಡ ಸುಳ್ಳಾಗಲಿಲ್ಲ.

ಇಲ್ಲಿಗೆ ಮಂಗಳ ಹಾಡಿದರೆ ಸತ್ಯಕ್ಕೆ ಅಪಚಾರವಾದೀತು. ಗುಲಾಮರನ್ನು ಬಿಡುಗಡೆ ಮಾಡಿದ ಅದೇ ಮಿತ್ರರು, ಬಿಡುಗಡೆಯಾದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಹಿಂಜರಿದರು. ಫಿಲಡೆಲ್ಫಿಯದ ಸಭಾಮಂದಿರದಲ್ಲಿ ಕರಿಯರಿಗೆಂದು ಬೇರೆ ಬೆಂಚು ಇತ್ತೆಂದೂ, ತಾನು ತಾಯಿಯ ಜೊತೆಯಲ್ಲಿ ಅದರ ಮೇಲೆ ಕುಳಿತು ನೊಂದೆನೆಂದೂ ಸಾರಾ ಮ್ಯಾಪ್ಸ್ ಡಗ್ಲಸ್ ಎಂಬ ಕರಿಯ ಉಪಾಧ್ಯಾಯಿನಿ ೧೮೩೦ರ ದಶಕದಲ್ಲಿ ಬರೆದಿದ್ದಾಳೆ. ಸಂಕೋಲೆ ಬಿಚ್ಚುವುದು ಒಂದು, ಬೆಂಚಿನ ಮೇಲೆ ಸರಿದು ಜಾಗ ಕೊಡುವುದು ಇನ್ನೊಂದು. ಮೊದಲನೆಯದು ದಯೆಯಿಂದಲೂ ಆದೀತು. ಎರಡನೆಯದಕ್ಕೆ ಅವನೂ ನನ್ನಂತೆಯೇ ಎಂಬ ಭಾವ ಬೇಕು. ದರ್ಶನದಲ್ಲಿ ಆ ಮಂಕು ರಾಶಿಯೊಳಗೆ ತಾನೂ ಬೆರೆತುಹೋದುದನ್ನು ಕಂಡ ವುಲ್ಮನ್ನನಿಗೆ ಈ ಭಾವವಿತ್ತು. ಅವನನ್ನು ಗೌರವಿಸಿದವರೆಲ್ಲರಿಗೂ ಅದು ಬರಲಿಲ್ಲ.

ಅವನು ರಾಜ್ಯವಾಳಿದವನಲ್ಲ, ದೊಡ್ಡ ವಾಗ್ಮಿಯೂ ಅಲ್ಲ. ಅವನ ಕೈಯಲ್ಲಿದ್ದುದು ಒಂದು ಲೇಖನಿ, ಒಂದು ಸೂಜಿ. ಬೇರೆಯವರು ಮಾಡಿಸಿದ ವ್ಯವಹಾರದಲ್ಲಿ ಬರೆದುಕೊಟ್ಟವನಿಗೂ ಉಂಡವನಿಗೂ ಉಟ್ಟವನಿಗೂ ಪಾಲುಂಟೆಂದು ತಿಳಿದು, ತನ್ನ ಪಾಲನ್ನು ಮಾತ್ರ ಒಂದೊಂದಾಗಿ ಹಿಂದಕ್ಕೆ ಕೊಡುತ್ತ ಹೋದ. ಆ ಉಯಿಲಿನ ಹುಡುಗಿ ಬಿಡುಗಡೆಯಾದಳು. ಆದರೆ ಮೌಂಟ್ ಹಾಲಿಯ ಅಂಗಡಿಯಿಂದ ಮಾರಾಟವಾಗಿ ಹೋದ ಆ ಹೆಸರಿಲ್ಲದ ಹೆಂಗಸಿಗೆ ಅವನು ಏನನ್ನೂ ಹಿಂದಕ್ಕೆ ಕೊಡಲಾಗಲಿಲ್ಲ. ಆ ಒಂದು ಬಾಕಿಯೇ ೩೦ ವರ್ಷ ಅವನನ್ನು ಮನೆಯಿಂದ ಮನೆಗೆ, ಊರಿಂದ ಊರಿಗೆ ನಡೆಸಿತೆಂದು ತೋರುತ್ತದೆ.